ಲಿನಕ್ಸ್ ವಿತರಣೆಗಳು ಮತ್ತು ಅವುಗಳ ಆಯ್ಕೆ

೧

ಗಣಕಯಂತ್ರವು ಇಂದು ವಿಜ್ಞಾನ ವಿಭಾಗಗಳಿಗೆ ಮಾತ್ರ ಮೀಸಲಾದ ಸಾಧನವಾಗಿ ಉಳಿದಿಲ್ಲ. ಶಾಸನಗಳ ಪಾಠವನ್ನು ಸಿದ್ಧಗೊಳಿಸುವವರಿಗೂ, ಜನಗಣತಿಯ ಅಂಕಿಅಂಶಗಳನ್ನು ವಿಶ್ಲೇಷಿಸುವವರಿಗೂ, ಅಣುಗಳ ರಚನೆಯನ್ನು ಲೆಕ್ಕಹಾಕುವವರಿಗೂ ಅದು ಸಮಾನವಾಗಿ ಅವಶ್ಯಕವಾಗಿದೆ. ಆದರೆ ಈ ಯಂತ್ರವನ್ನು ನಡೆಯಿಸುವ ಮೂಲ ವ್ಯವಸ್ಥೆಯ ವಿಷಯದಲ್ಲಿ ನಮ್ಮ ಕಾಲೇಜುಗಳಲ್ಲಿ ಹೆಚ್ಚಿನ ಆಲೋಚನೆ ನಡೆದಂತೆ ತೋರುವುದಿಲ್ಲ. ಯಂತ್ರದೊಡನೆ ಬಂದುದನ್ನೇ ಬಳಸುವುದು ರೂಢಿಯಾಗಿದೆ. ೨೦೨೫ನೆಯ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ನಿಂತುಹೋದ ಮೇಲೆ ಈ ಉದಾಸೀನಕ್ಕೆ ಎಡೆಯಿಲ್ಲದಂತಾಗಿದೆ. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ ೧೧, ಟಿ.ಪಿ.ಎಂ. ೨.೦ ಎಂಬ ಭದ್ರತಾ ಸೌಕರ್ಯವಿಲ್ಲದ ಯಂತ್ರಗಳನ್ನೂ ಹಳೆಯ ಪೀಳಿಗೆಯ ಪ್ರೊಸೆಸರುಗಳುಳ್ಳ ಯಂತ್ರಗಳನ್ನೂ ಅಧಿಕೃತವಾಗಿ ಅಂಗೀಕರಿಸುವುದಿಲ್ಲ. ಇಂಥ ಯಂತ್ರಗಳನ್ನು ಹೊರಗೆ ಹಾಕಬೇಕು. ಇಲ್ಲವೆ ಭದ್ರತಾ ತಿದ್ದುಪಡಿಗಳಿಲ್ಲದೆ ನಡೆಯಿಸಬೇಕು. ಅದೂ ಇಲ್ಲವಾದರೆ ಬೇರೊಂದು ವ್ಯವಸ್ಥೆಯನ್ನು ಅಳವಡಿಸಬೇಕು. ಈ ಮೂರನೆಯ ಮಾರ್ಗವನ್ನು ಹಿಡಿದವರು ಲಿನಕ್ಸಿನ ಬಳಿಗೆ ಬರುತ್ತಾರೆ. ಬಂದೊಡನೆ 'ಯಾವ ಲಿನಕ್ಸ್?' ಎಂಬ ಪ್ರಶ್ನೆಯನ್ನು ಎದುರಿಸುತ್ತಾರೆ. ಏಕೆಂದರೆ ಆ ಹೆಸರಿನಲ್ಲಿ ನೂರಾರು ವಿತರಣೆಗಳು ಪ್ರಚಾರದಲ್ಲಿವೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಪರದೆಯ ಅಂದವನ್ನೋ ಜನಪ್ರಿಯತೆಯನ್ನೋ ಉತ್ತರ ಹೇಳುವವರ ಸ್ವಂತ ಅಭ್ಯಾಸವನ್ನೋ ಅವಲಂಬಿಸಿರುತ್ತವೆ. ಇವು ಗೌಣವಾದ ಸಂಗತಿಗಳು. ವಿತರಣೆಯೊಂದನ್ನು ಆರಿಸುವುದೆಂದರೆ ಅದರ ಪಾಲನೆಯ ಕ್ರಮವನ್ನು ಆರಿಸುವುದೆಂದೇ ಅರ್ಥ. ಅದನ್ನು ಯಾರು ನೋಡಿಕೊಳ್ಳುತ್ತಾರೆ, ಎಷ್ಟು ಕಾಲ ನೋಡಿಕೊಳ್ಳುತ್ತಾರೆ, ಯಾವ ವೇಗದಲ್ಲಿ ಬದಲಾಯಿಸುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಆಯ್ಕೆಯ ಬಹುಭಾಗ ತಾನಾಗಿಯೇ ನಿರ್ಣಯವಾಗುತ್ತದೆ. ಇದನ್ನು ತಕ್ಕ ನಿದರ್ಶನಗಳೊಡನೆ ಪ್ರತಿಪಾದಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಕಟ್ಟುನಿಟ್ಟಾಗಿ ಹೇಳುವುದಾದರೆ ಲಿನಕ್ಸ್ ಎಂಬುದು ಒಂದು ಕರ್ನೆಲ್ಲಿನ ಹೆಸರು. ಯಂತ್ರದ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮೊದಲಾದ ಅಂಗಗಳನ್ನು ಬೇರೆ ಬೇರೆ ಕೆಲಸಗಳಿಗೆ ಹಂಚಿಕೊಡುವ ಒಳತಿರುಳೇ ಕರ್ನೆಲ್. ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ, ೧೯೮೩ರಲ್ಲಿ, ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆಯು ಕರ್ನೆಲ್ಲಿನ ಹೊರತು ಉಳಿದ ಅನೇಕ ಅವಶ್ಯಕ ತಂತ್ರಾಂಶಗಳನ್ನು ಸಿದ್ಧಗೊಳಿಸಿತ್ತು. ೧೯೯೨ರಲ್ಲಿ ಲಿನಕ್ಸ್ ಕರ್ನೆಲ್ ಸಹ ಗ್ನೂ ಸಾರ್ವಜನಿಕ ಪರವಾನಗಿಗೆ ಒಳಪಟ್ಟಿತು. ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಈ ಪರವಾನಗಿಯ ತಾತ್ಪರ್ಯ.

ಆದರೆ ಕರ್ನೆಲ್ಲನ್ನೂ ಸಾವಿರಾರು ಬಿಡಿ ತಂತ್ರಾಂಶಗಳನ್ನೂ ತಾವೇ ತಂದು ಜೋಡಿಸಿಕೊಳ್ಳುವುದು ಸಾಮಾನ್ಯರಿಂದ ಆಗತಕ್ಕ ಕೆಲಸವಲ್ಲ. ಇಲ್ಲಿ ವಿತರಣೆಯ ಅಗತ್ಯ ಉಂಟಾಗುತ್ತದೆ. ಇದಕ್ಕೆ ಗ್ರಂಥಸಂಪಾದನೆಯ ದೃಷ್ಟಾಂತವನ್ನು ಕೊಡಬಹುದು. ಒಂದೇ ಕಾವ್ಯವನ್ನು ಬೇರೆ ಬೇರೆ ಸಂಪಾದಕರು ಪ್ರಕಟಿಸಿದಾಗ ಮೂಲ ಒಂದೇ ಆಗಿದ್ದರೂ ಪಾಠದ ಆಯ್ಕೆ, ಟಿಪ್ಪಣಿಯ ಪ್ರಮಾಣ, ತಿದ್ದುಪಡಿಯ ಎಚ್ಚರ ಇವು ಆವೃತ್ತಿಯಿಂದ ಆವೃತ್ತಿಗೆ ಭೇದಿಸುತ್ತವೆ. ಲಿನಕ್ಸ್ ವಿತರಣೆಯೂ ಅಂಥ ಒಂದು ಸಂಪಾದಿತ ಆವೃತ್ತಿ. ವಿತರಕರು ತಂತ್ರಾಂಶಗಳನ್ನು ಆರಿಸುತ್ತಾರೆ. ಅವು ಒಂದರೊಡನೊಂದು ಹೊಂದಿಕೊಳ್ಳುವಂತೆ ಮಾಡಿ, 'ಪ್ಯಾಕೇಜ್' ಎಂಬ ಕಟ್ಟುಗಳಾಗಿ ಸಿದ್ಧಪಡಿಸುತ್ತಾರೆ. ತಮ್ಮ ಅಂಕಿತದೊಡನೆ ಜಾಲದಲ್ಲಿ ಇರಿಸುತ್ತಾರೆ. ದೋಷಗಳು ಕಂಡುಬಂದಾಗ ತಿದ್ದಿ ಕಳುಹಿಸುತ್ತಾರೆ. ಇವುಗಳಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದುದು. ಮುದ್ರಿತ ಗ್ರಂಥದ ಸಂಪಾದಕನ ಕೆಲಸ ಪ್ರಕಟಣೆಯೊಡನೆ ಮುಗಿಯಬಹುದು. ವಿತರಕರ ಕೆಲಸ ಪ್ರಕಟಣೆಯಿಂದ ಪ್ರಾರಂಭವಾಗುತ್ತದೆ.

ಹಸ್ತಪ್ರತಿಗಳಂತೆ ವಿತರಣೆಗಳಿಗೂ ಶಾಖೆಗಳಿವೆ. ಈಗಲೂ ಬಳಕೆಯಲ್ಲಿರುವ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಎರಡೂ ೧೯೯೩ರಲ್ಲಿ ಹುಟ್ಟಿದವು. ಇಯಾನ್ ಮರ್ಡಾಕ್ ಸ್ಥಾಪಿಸಿದ ಡೆಬಿಯನ್ ಆಧಾರದ ಮೇಲೆ ೨೦೦೪ರಲ್ಲಿ ಉಬುಂಟುವೂ, ಉಬುಂಟುವಿನ ಆಧಾರದ ಮೇಲೆ ೨೦೦೬ರಲ್ಲಿ ಲಿನಕ್ಸ್ ಮಿಂಟ್ ಎಂಬುದೂ ಬಂದವು. ರೆಡ್‌ಹ್ಯಾಟ್ ಸಂಸ್ಥೆಯದು ಎರಡನೆಯ ಶಾಖೆ. ೨೦೦೩ರಲ್ಲಿ ಆರಂಭವಾದ ಫೆಡೋರಾ, ಸಂಸ್ಥೆಯು ಚಂದಾ ಪಡೆದು ಒದಗಿಸುವ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್, ಅದಕ್ಕೆ ಸರಿಹೊಂದುವಂತೆ ರಚಿತವಾದ ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಇವು ಇದಕ್ಕೆ ಸೇರುತ್ತವೆ. ಜರ್ಮನಿಯಲ್ಲಿ ಬೆಳೆದ ಸೂಸೆ, ೨೦೦೨ರಲ್ಲಿ ಮೊದಲಾದ ಆರ್ಚ್ ಇವು ಬೇರೆ ಶಾಖೆಗಳು. ಹೆಸರುಗಳು ನೂರಾರಿದ್ದರೂ ಅವುಗಳಲ್ಲಿ ಬಹುಪಾಲು ಈ ಕೆಲವೇ ಕುಲಗಳಲ್ಲಿ ಅಡಗುತ್ತವೆ ಎಂಬುದನ್ನು ಗಮನಿಸಿದರೆ ಹೊಸಬರ ಗೊಂದಲ ಅರ್ಧದಷ್ಟು ಕಡಿಮೆಯಾಗುತ್ತದೆ.

೩

ಇನ್ನು ಬದಲಾವಣೆಯ ವೇಗವನ್ನು ವಿಚಾರಿಸೋಣ. ವಿತರಣೆಗಳು ಈ ವಿಷಯದಲ್ಲಿ ಮೂರು ಬಗೆಯಾಗಿವೆ.

ಮೊದಲನೆಯವು ಸ್ಥಿರವಾದವು. ಡೆಬಿಯನ್ ಸುಮಾರು ಎರಡು ವರ್ಷಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರತರುತ್ತದೆ. ೨೦೨೩ನೆಯ ಜೂನ್‌ನಲ್ಲಿ ಹನ್ನೆರಡನೆಯದೂ, ೨೦೨೫ನೆಯ ಆಗಸ್ಟ್‌ನಲ್ಲಿ ಹದಿಮೂರನೆಯದೂ ಬಂದವು. ಪ್ರತಿಯೊಂದಕ್ಕೂ ಮೂರು ವರ್ಷ ಪೂರ್ಣ ಪಾಲನೆ, ಅನಂತರ ಎರಡು ವರ್ಷ ದೀರ್ಘಾವಧಿ ಪಾಲನೆ ದೊರೆಯುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಗಳಿಗೊಮ್ಮೆ ಏಪ್ರಿಲ್‌ನಲ್ಲಿ ಬಂದು ಐದು ವರ್ಷ ನಡೆಯುತ್ತವೆ. ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್‌ಗಳ ಒಂದೊಂದು ಮುಖ್ಯ ಆವೃತ್ತಿಗೂ ಸುಮಾರು ಹತ್ತು ವರ್ಷಗಳ ಆಯುಸ್ಸಿದೆ. ಎರಡನೆಯ ಬಗೆಗೆ ಫೆಡೋರಾ ಉತ್ತಮ ನಿದರ್ಶನ. ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಪ್ರತಿಯೊಂದರ ಪಾಲನೆ ಸುಮಾರು ಹದಿಮೂರು ತಿಂಗಳು ಮಾತ್ರ. ಮೂರನೆಯವು ನಿರಂತರ ಪ್ರವಾಹದಂಥವು. ಆರ್ಚ್ ಮತ್ತು ಓಪನ್‌ಸೂಸೆ ಟಂಬಲ್‌ವೀಡ್‌ಗಳಲ್ಲಿ ಆವೃತ್ತಿ ಎಂಬುದೇ ಇಲ್ಲ. ತಂತ್ರಾಂಶಗಳು ಸಿದ್ಧವಾದಂತೆ ಬರುತ್ತಲೇ ಇರುತ್ತವೆ.

ಸ್ಥಿರವೆಂದರೆ ಹಳೆಯದು, ಹಳೆಯದೆಂದರೆ ಅಸುರಕ್ಷಿತ ಎಂಬ ಭಾವನೆಯೊಂದಿದೆ. ಇದು ಸರಿಯಲ್ಲ. ಸ್ಥಿರ ವಿತರಣೆಗಳ ಪಾಲಕರು ಹೊಸ ಆವೃತ್ತಿಯಲ್ಲಿ ಆದ ಭದ್ರತಾ ತಿದ್ದುಪಡಿಯನ್ನಷ್ಟೇ ಬೇರ್ಪಡಿಸಿ ಹಳೆಯ ಆವೃತ್ತಿಗೆ ಅಳವಡಿಸುತ್ತಾರೆ. ತಂತ್ರಾಂಶದ ಸಂಖ್ಯೆ ಹಳೆಯದಾಗಿ ಕಂಡರೂ ತಿಳಿದುಬಂದ ದೋಷ ನಿವಾರಣೆಯಾಗಿರುತ್ತದೆ; ಕಾರ್ಯವಿಧಾನ ಬದಲಾಗಿರುವುದಿಲ್ಲ.

೨೦೨೪ರಲ್ಲಿ ನಡೆದ ಒಂದು ಪ್ರಸಂಗ ಈ ಅಂಶವನ್ನು ಸ್ಪಷ್ಟಪಡಿಸುತ್ತದೆ. ಕಡತಗಳನ್ನು ಸಂಕುಚಿಸಲು ಬಳಸುವ 'ಎಕ್ಸ್‌ಝಡ್' ಎಂಬ ತಂತ್ರಾಂಶದ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ, ದೂರದಿಂದ ಯಂತ್ರವನ್ನು ವಶಪಡಿಸಿಕೊಳ್ಳಲು ಅನುಕೂಲವಾಗುವ ಗುಪ್ತದ್ವಾರವೊಂದನ್ನು ಸೇರಿಸಲಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರಸಂಪರ್ಕದ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದ್ದುದನ್ನು ಗಮನಿಸಿ ಅದರ ಕಾರಣವನ್ನು ಶೋಧಿಸುತ್ತ ಹೋಗಿ, ಮಾರ್ಚ್ ೨೯ರಂದು ಈ ಸಂಗತಿಯನ್ನು ಬಹಿರಂಗಪಡಿಸಿದರು. ಅಷ್ಟು ಹೊತ್ತಿಗೆ ಈ ಆವೃತ್ತಿಗಳು ಡೆಬಿಯನ್ನಿನ ಪರೀಕ್ಷಾ ಶಾಖೆಗೂ, ಫೆಡೋರಾದ ಪ್ರಯೋಗಾವಸ್ಥೆಯ ಶಾಖೆಗೂ, ಟಂಬಲ್‌ವೀಡ್ ಮತ್ತು ಆರ್ಚ್‌ಗಳಿಗೂ ಬಂದಿದ್ದವು. ಡೆಬಿಯನ್ನಿನ ಸ್ಥಿರ ಆವೃತ್ತಿಗಾಗಲಿ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗಾಗಲಿ ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗಾಗಲಿ ತಲುಪಿರಲಿಲ್ಲ. ನಿಧಾನವೇ ಇಲ್ಲಿ ರಕ್ಷಣೆಯಾಯಿತು. ಆದರೆ ದೋಷವನ್ನು ಕಂಡುಹಿಡಿದುದು ಹೊಸದನ್ನು ಬಳಸುತ್ತಿದ್ದ ಒಬ್ಬರು ಎಂಬುದನ್ನೂ ಮರೆಯಲಾಗದು. ಮುಂದೆ ನಡೆಯುವವರಿಗೂ ಹಿಂದೆ ಉಳಿಯುವವರಿಗೂ ಈ ಲೋಕದಲ್ಲಿ ಸ್ಥಾನವಿದೆ. ತಾವು ಯಾವ ಪಂಕ್ತಿಗೆ ಸೇರಬೇಕೆಂಬುದನ್ನು ಬಳಸುವವರು ತಿಳಿದು ನಿರ್ಧರಿಸಬೇಕು, ಅಷ್ಟೆ.

೪

ಎರಡನೆಯ ವಿಚಾರ ಪಾಲಕರದು. ಪಾಲನೆಯ ಅವಧಿಯನ್ನು ಕುರಿತ ವಾಗ್ದಾನವು ವಾಗ್ದಾನ ಮಾಡಿದವರಷ್ಟೇ ದೃಢವಾದುದು. ಸೆಂಟೋಸ್ ವಿತರಣೆಯ ಇತಿಹಾಸ ಇದಕ್ಕೆ ಸಾಕ್ಷಿ.

ರೆಡ್‌ಹ್ಯಾಟ್ ಪ್ರಕಟಿಸುತ್ತಿದ್ದ ಮೂಲಸಂಕೇತದಿಂದಲೇ ಮರುರಚಿಸಿ, ಉಚಿತವಾಗಿ ಹಂಚುತ್ತಿದ್ದ ಸೆಂಟೋಸ್, ೨೦೦೪ರಿಂದ ವಿಶ್ವವಿದ್ಯಾನಿಲಯಗಳ ಗಣನಕೇಂದ್ರಗಳಿಗೆ ಅಚ್ಚುಮೆಚ್ಚಿನದಾಗಿತ್ತು. ೨೦೧೪ರಲ್ಲಿ ಈ ಯೋಜನೆ ರೆಡ್‌ಹ್ಯಾಟ್ ಸಂಸ್ಥೆಯ ಆಶ್ರಯಕ್ಕೆ ಬಂದಿತು. ೨೦೧೯ರಲ್ಲಿ ಪ್ರಕಟವಾದ ಸೆಂಟೋಸ್ ೮ ಆವೃತ್ತಿಗೆ ೨೦೨೯ರವರೆಗೆ ಪಾಲನೆಯುಂಟೆಂದು ಎಲ್ಲರೂ ನಂಬಿದ್ದರು. ಆದರೆ ೨೦೨೦ನೆಯ ಡಿಸೆಂಬರ್ ೮ರಂದು ಹೊರಟ ಪ್ರಕಟಣೆಯು ಅದನ್ನು ೨೦೨೧ರ ಕೊನೆಗೇ ಮುಗಿಸಿತು. ಹತ್ತು ವರ್ಷಗಳ ಲೆಕ್ಕದಲ್ಲಿ ಯಂತ್ರಗಳನ್ನು ಸಿದ್ಧಗೊಳಿಸಿದವರಿಗೆ ಉಳಿದುದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. ಈ ತೆರವನ್ನು ತುಂಬಲು ೨೦೨೧ರಲ್ಲಿಯೇ ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಹುಟ್ಟಿದವು. ಭೌತವಿಜ್ಞಾನದ ಮಹಾಸಂಸ್ಥೆಗಳಿಗೂ ಇಂಥ ಪ್ರಶ್ನೆ ತಪ್ಪಲಿಲ್ಲ. ಅಮೆರಿಕದ ಫರ್ಮಿಲ್ಯಾಬ್ ಮತ್ತು ಜಿನೀವಾದ ಸರ್ನ್ ಸಂಸ್ಥೆಗಳ ಸಹಕಾರದಿಂದ ಬೆಳೆದ ಸೈಂಟಿಫಿಕ್ ಲಿನಕ್ಸ್‌ಗೆ ಎಂಟನೆಯ ಆವೃತ್ತಿ ಇರುವುದಿಲ್ಲವೆಂದು ೨೦೧೯ರಲ್ಲಿ ಘೋಷಣೆಯಾಗಿತ್ತು. ೨೦೨೨ನೆಯ ಡಿಸೆಂಬರ್‌ನಲ್ಲಿ ಈ ಎರಡು ಸಂಸ್ಥೆಗಳೂ ತಮ್ಮ ಪ್ರಯೋಗಗಳಿಗೆ ಆಲ್ಮಾಲಿನಕ್ಸನ್ನು ಅಂಗೀಕರಿಸಿದವು.

ಇದರಿಂದ ಯಾರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ವಾಣಿಜ್ಯ ಸಂಸ್ಥೆಗೆ ತನ್ನ ಲಾಭನಷ್ಟಗಳ ಲೆಕ್ಕವಿರುವುದು ಸಹಜ. ಅದರ ಹಣದಿಂದಲೇ ಲಿನಕ್ಸಿನ ಬಹುಭಾಗ ಬೆಳೆದಿದೆಯೆಂಬುದೂ ನಿಜ. ವಿತರಣೆಯ ಹಿಂದಿರುವ ಒಡೆತನದ ಸ್ವರೂಪವನ್ನು ತಿಳಿದಿರಬೇಕೆಂಬುದಷ್ಟೇ ಇಲ್ಲಿಯ ಪಾಠ. ಉಬುಂಟುವಿನ ಹಿಂದೆ ಕೆನೋನಿಕಲ್ ಎಂಬ ಸಂಸ್ಥೆಯಿದೆ. ಡೆಬಿಯನ್ ಯಾವ ಸಂಸ್ಥೆಯ ಸ್ವತ್ತೂ ಅಲ್ಲ, ಸ್ವಯಂಸೇವಕರ ಸಂಘ. ೧೯೯೭ರಲ್ಲಿ ಅಂಗೀಕೃತವಾದ ಸಾಮಾಜಿಕ ಒಡಂಬಡಿಕೆ ಅದರ ಬುನಾದಿ. ಅದರ ನಾಯಕರನ್ನು ಸದಸ್ಯರು ವರ್ಷಕ್ಕೊಮ್ಮೆ ಚುನಾಯಿಸುತ್ತಾರೆ. ಒಬ್ಬಿಬ್ಬರ ಉತ್ಸಾಹದಿಂದ ನಡೆಯುವ ಸಣ್ಣ ವಿತರಣೆಗಳು ಎಷ್ಟೇ ಸುಂದರವಾಗಿದ್ದರೂ ಅವರ ಉತ್ಸಾಹ ಕುಗ್ಗಿದ ದಿನ ಬಳಸುವವರು ಅನಾಥರಾಗುತ್ತಾರೆ.

ಪಾಲನೆಯ ವ್ಯಾಪ್ತಿಯನ್ನೂ ಪರಿಶೀಲಿಸಬೇಕು. ಉಬುಂಟುವಿನ ಐದು ವರ್ಷಗಳ ಸಾಮಾನ್ಯ ಪಾಲನೆ ಅದರ 'ಮೇನ್' ಎಂಬ ಮುಖ್ಯ ಭಂಡಾರಕ್ಕೆ ಅನ್ವಯಿಸುತ್ತದೆ. 'ಯೂನಿವರ್ಸ್' ಎಂಬ ವಿಶಾಲ ಭಂಡಾರದ ಭದ್ರತಾ ತಿದ್ದುಪಡಿಗಳಿಗೆ ಕೆನೋನಿಕಲ್ ಹೊಣೆ ಹೊರುವುದು 'ಉಬುಂಟು ಪ್ರೊ' ಎಂಬ ಯೋಜನೆಯಲ್ಲಿ. ಇದು ವೈಯಕ್ತಿಕ ಬಳಕೆಯ ಐದು ಯಂತ್ರಗಳವರೆಗೆ ಉಚಿತ. ಒಬ್ಬ ವಿದ್ಯಾರ್ಥಿಗೆ ಇದರಿಂದ ತೊಂದರೆಯಿಲ್ಲ; ಮೂವತ್ತು ಯಂತ್ರಗಳ ಪ್ರಯೋಗಾಲಯಕ್ಕೆ ಇದು ಯೋಚಿಸಬೇಕಾದ ವಿಷಯ. ಡೆಬಿಯನ್ನಿನಲ್ಲಿ ಇಂಥ ವಿಭಾಗವಿಲ್ಲ; ೬೯ ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳುಳ್ಳ ಅದರ ಹದಿಮೂರನೆಯ ಆವೃತ್ತಿಯಲ್ಲಿ ಕೆಲವು ಅಪವಾದಗಳ ಹೊರತು ಮುಖ್ಯ ಭಂಡಾರವೆಲ್ಲವೂ ಭದ್ರತಾ ತಂಡದ ಪರಿಧಿಗೆ ಸೇರಿದೆ.

೫

ಇದುವರೆಗೆ ಹೇಳಿದುದು ವಿತರಣೆಯ ಕಡೆಯಿಂದ. ಯಂತ್ರದ ಕಡೆಯಿಂದಲೂ ಕೆಲವು ನಿರ್ಬಂಧಗಳಿವೆ. ಲಿನಕ್ಸ್ ಎಷ್ಟು ಹಳೆಯ ಯಂತ್ರದಲ್ಲಾದರೂ ನಡೆಯುತ್ತದೆ ಎಂಬ ಮಾತು ಈಗ ಪೂರ್ಣ ಸತ್ಯವಲ್ಲ. ಡೆಬಿಯನ್ ತನ್ನ ಹದಿಮೂರನೆಯ ಆವೃತ್ತಿಯಿಂದ ೩೨ ಬಿಟ್ಟಿನ ಹಳೆಯ ಪಿ.ಸಿ.ಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನು ಕೈಬಿಟ್ಟಿದೆ. ೨೦೨೫ರಲ್ಲಿ ಬಂದ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ೧೦, ಇಂಟೆಲ್ ಬಗೆಯ ಯಂತ್ರಗಳಲ್ಲಿ, ೨೦೧೩ರ ಹ್ಯಾಸ್‌ವೆಲ್ ಪೀಳಿಗೆಯಿಂದ ರೂಢಿಗೆ ಬಂದ ಆಜ್ಞಾಸಮೂಹವನ್ನು ಬಲ್ಲ ಪ್ರೊಸೆಸರುಗಳನ್ನೇ ಅಪೇಕ್ಷಿಸುತ್ತದೆ. ರಾಕಿ ಲಿನಕ್ಸ್ ೧೦ರ ಅಪೇಕ್ಷೆಯೂ ಅದೇ. ಅನಂತರದ ವರ್ಷಗಳಲ್ಲಿ ಬಂದ ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಅನೇಕಕ್ಕೆ ಈ ಸಾಮರ್ಥ್ಯವಿಲ್ಲದಿರುವುದರಿಂದ ಕೊಂಡ ವರ್ಷವನ್ನಷ್ಟೇ ನೋಡಿ ನಿಶ್ಚಯಿಸಲಾಗದು. ಆಲ್ಮಾಲಿನಕ್ಸ್ ೧೦ ಹಳೆಯ ಪ್ರೊಸೆಸರುಗಳಿಗಾಗಿ ಪ್ರತ್ಯೇಕ ಪ್ರತಿಯನ್ನೂ ಒದಗಿಸುತ್ತದೆ.

ರ‍್ಯಾಮಿನ ಪರಿಮಾಣ ಇನ್ನೊಂದು ನಿರ್ಣಾಯಕ ಅಂಶ. ಉಬುಂಟು ೨೪.೦೪ರ ಡೆಸ್ಕ್‌ಟಾಪ್ ಆವೃತ್ತಿಗೆ ೪ ಜಿ.ಬಿ. ರ‍್ಯಾಮ್ ಶಿಫಾರಸಾಗಿದೆ, ಲಿನಕ್ಸ್ ಮಿಂಟ್ ಕನಿಷ್ಠ ಪಕ್ಷ ೨ ಜಿ.ಬಿ.ಯಲ್ಲಿ ನಡೆಯುತ್ತದೆ, ಹಿತವಾಗಿ ನಡೆಯಲು ಅದಕ್ಕೂ ೪ ಜಿ.ಬಿ. ಬೇಕು. ಪರದೆಯ ಪರಿಸರಗಳಾದ ಗ್ನೋಮ್, ಕೆ.ಡಿ.ಇ., ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಇವು ವಿತರಣೆಗಿಂತ ಬೇರೆಯಾದ ವಸ್ತುಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಮುಖ್ಯ ವಿತರಣೆಗಳಲ್ಲಿ ಇವೆಲ್ಲವೂ ದೊರೆಯುತ್ತವೆ. ಆದಕಾರಣ ಯಂತ್ರ ದುರ್ಬಲವಾಗಿದ್ದರೆ ಹಗುರವಾದ ಪರಿಸರವನ್ನು ಆರಿಸಿದರೆ ಸಾಕು. ಅದಕ್ಕಾಗಿ ಅಪರಿಚಿತ ವಿತರಣೆಯನ್ನು ಹುಡುಕಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಈಚೆಗೆ ಕೊಂಡ ಲ್ಯಾಪ್‌ಟಾಪಿನ ವೈಫೈ ಅಥವಾ ಗ್ರಾಫಿಕ್ಸ್ ಅಂಗಗಳಿಗೆ ಸ್ಥಿರ ವಿತರಣೆಯ ಹಳೆಯ ಕರ್ನೆಲ್ಲಿನಲ್ಲಿ ಬೆಂಬಲ ಇಲ್ಲದಿರಬಹುದು; ಅಲ್ಲಿ ಫೆಡೋರಾದಂಥ ವೇಗದ ವಿತರಣೆ ಸಾರ್ಥಕವಾಗುತ್ತದೆ. ಮುಖ್ಯ ವಿತರಣೆಗಳಲ್ಲಿ ಹೆಚ್ಚಿನವನ್ನು ಪೆನ್‌ಡ್ರೈವಿನಿಂದಲೇ ನಡೆಯಿಸಿ, ಡಿಸ್ಕಿನಲ್ಲಿರುವುದನ್ನು ಮುಟ್ಟದೆ ಪರೀಕ್ಷಿಸಿ ನೋಡಬಹುದು. ಈ ಪರೀಕ್ಷೆಗೆ ಅರ್ಧ ದಿನ ಹಿಡಿದರೂ ಅದನ್ನು ಮಾಡದೆ ಸ್ಥಾಪನೆಗೆ ತೊಡಗಬಾರದು.

೬

ಕನ್ನಡ ಬಳಸುವವರಿಗೆ ಸಂಬಂಧಪಟ್ಟ ಕೆಲವು ಮಾತುಗಳನ್ನು ಇಲ್ಲಿ ಹೇಳುವುದು ಉಚಿತ. ಒತ್ತಕ್ಷರ, ಗುಣಿತಾಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಕೂಡಿಸುವ ಕೆಲಸವನ್ನು ಲಿನಕ್ಸಿನಲ್ಲಿ ಬಹುಮಟ್ಟಿಗೆ 'ಹಾರ್ಫ್‌ಬಜ್' ಎಂಬ ತಂತ್ರಾಂಶ ಮಾಡುತ್ತದೆ. ಇದು ಎಲ್ಲ ಮುಖ್ಯ ವಿತರಣೆಗಳಿಗೂ ಸಮಾನ. ಲೋಹಿತ್ ಕನ್ನಡ, ನೋಟೊ ಮೊದಲಾದ ಅಕ್ಷರಶೈಲಿಗಳೂ ದೊರೆಯುತ್ತವೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳೂ ಇವೆ. ಐಬಸ್ ಎಂಬ ಬೆರಳಚ್ಚು ವ್ಯವಸ್ಥೆಯ ಮೂಲಕ, ನುಡಿ ತಂತ್ರಾಂಶದಿಂದ ಪರಿಚಿತವಾದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವನ್ನೇ ಬಳಸಬಹುದು. ಹೀಗಿರುವಲ್ಲಿ ಕನ್ನಡದ ದೃಷ್ಟಿಯಿಂದ ಒಂದು ವಿತರಣೆ ಮೇಲು, ಇನ್ನೊಂದು ಕೀಳು ಎನ್ನಲು ಹೆಚ್ಚಿನ ಆಧಾರವಿಲ್ಲ. ನಿಜವಾದ ತೊಡಕು ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಪಾಠಗಳು ಆಯಾ ಅಕ್ಷರಶೈಲಿಯಿಲ್ಲದೆಡೆ ಅರ್ಥವಿಲ್ಲದ ಲಿಪಿಚಿಹ್ನೆಗಳಾಗಿ ಕಾಣುತ್ತವೆ. ವ್ಯವಸ್ಥೆಯನ್ನು ಬದಲಾಯಿಸುವ ಮೊದಲು ಅವುಗಳನ್ನು ಪರಿವರ್ತಕಗಳ ಸಹಾಯದಿಂದ ಯೂನಿಕೋಡಿಗೆ ತಂದು, ಮೂಲದೊಡನೆ ಹೋಲಿಸಿ ತಿದ್ದಿಟ್ಟುಕೊಳ್ಳಬೇಕು.

೭

ಮೇಲ್ಕಂಡ ತತ್ತ್ವಗಳನ್ನು ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ಸಂದರ್ಭಗಳಿಗೆ ಅನ್ವಯಿಸಿ ನೋಡಬಹುದು.

ವಿದ್ಯಾರ್ಥಿಗಳ ಪ್ರಯೋಗಾಲಯದಲ್ಲಿ ಯಂತ್ರಗಳೆಲ್ಲವೂ ಒಂದೇ ರೀತಿಯಾಗಿರಬೇಕು, ಶೈಕ್ಷಣಿಕ ವರ್ಷದ ನಡುವೆ ಏನೂ ಬದಲಾಗಬಾರದು, ಭದ್ರತಾ ತಿದ್ದುಪಡಿಗಳು ಮಾತ್ರ ಬರುತ್ತಿರಬೇಕು. ಇದಕ್ಕೆ ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ಹಗುರವಾದ ಪರಿಸರದೊಡನೆ ಬಳಸುವುದು ಯುಕ್ತವೆಂದು ನಮಗೆ ತೋರುತ್ತದೆ. ೨೦೨೩ರ ಆವೃತ್ತಿಯಿಂದ ವೈಫೈ ಮೊದಲಾದ ಅಂಗಗಳಿಗೆ ಬೇಕಾದ ಫರ್ಮ್‌ವೇರ್ ಸಹ ಅದರ ಅಧಿಕೃತ ಸ್ಥಾಪನಾ ಪ್ರತಿಯಲ್ಲಿಯೇ ಸೇರಿರುವುದರಿಂದ ಹಿಂದಿನ ಕಷ್ಟ ಉಳಿದಿಲ್ಲ.

ಸಂಶೋಧನೆಯ ಲೆಕ್ಕಗಳನ್ನು ನಡೆಯಿಸುವ ಸರ್ವರಿನಲ್ಲಿ ಇಂದು ಬಂದ ಫಲಿತಾಂಶ ನಾಲ್ಕು ವರ್ಷಗಳ ಮೇಲೂ ಪುನಃ ಬರುವಂತಿರಬೇಕು. ಪ್ರಬಂಧದ ಪರೀಕ್ಷಕರು ಕೇಳಿದಾಗ ತೋರಿಸುವಂತಿರಬೇಕು. ಇಲ್ಲಿ ಹತ್ತು ವರ್ಷಗಳ ಪಾಲನೆಯುಳ್ಳ ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್ ಅನುಕೂಲ. ಮಾರಾಟದ ವೈಜ್ಞಾನಿಕ ತಂತ್ರಾಂಶಗಳನ್ನು ಕೊಳ್ಳುವುದಿದ್ದರೆ ಅವುಗಳ ತಯಾರಕರು ಯಾವ ವಿತರಣೆಯನ್ನು ಅಂಗೀಕರಿಸುತ್ತಾರೆಂಬುದನ್ನು ಮೊದಲು ವಿಚಾರಿಸಬೇಕು.

ಮೊದಲ ಬಾರಿಗೆ ಲಿನಕ್ಸಿಗೆ ಬರುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ, ಅವರ ಸ್ವಂತ ಯಂತ್ರಕ್ಕೆ, ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ದೀರ್ಘಾವಧಿ ಆವೃತ್ತಿ ತಕ್ಕುದು. ಬಳಸುವವರ ಸಂಖ್ಯೆ ಹೆಚ್ಚಾಗಿರುವುದರಿಂದ ತೊಡಕು ಬಂದಾಗ ಪರಿಹಾರ ಬೇಗ ಸಿಕ್ಕುತ್ತದೆ. ವ್ಯವಸ್ಥೆಯ ಒಳರಚನೆಯನ್ನೇ ಕಲಿಯಬೇಕೆಂಬ ಗಣಕವಿಜ್ಞಾನದ ವಿದ್ಯಾರ್ಥಿಗೆ ಆರ್ಚ್ ಅಥವಾ ಮೂಲಸಂಕೇತದಿಂದ ಕಟ್ಟಿಕೊಳ್ಳುವ ಜೆಂಟೂ ಉತ್ತಮ ಗುರು; ಆದರೆ ಪರೀಕ್ಷೆಯ ಹಿಂದಿನ ದಿನ ಅವಲಂಬಿಸುವ ಏಕೈಕ ಯಂತ್ರದಲ್ಲಿ ಅದನ್ನು ಇರಿಸುವುದು ವಿವೇಕವಲ್ಲ.

ಎಲ್ಲ ಯಂತ್ರಗಳನ್ನೂ ಬದಲಾಯಿಸಲೇಬೇಕೆಂಬ ಹಟವೂ ಸಲ್ಲದು. ವಾಣಿಜ್ಯ ವಿಭಾಗದಲ್ಲಿ ಕಲಿಸುವ ಟ್ಯಾಲಿಯಂಥ ತಂತ್ರಾಂಶಗಳು ವಿಂಡೋಸನ್ನು ಅಪೇಕ್ಷಿಸುತ್ತವೆ. ಅಂಥ ಕೆಲಸಕ್ಕೆ ಬೇಕಾದಷ್ಟು ಯಂತ್ರಗಳನ್ನು ಹಾಗೆಯೇ ಉಳಿಸಿಕೊಂಡು ಮಿಕ್ಕವನ್ನು ಲಿನಕ್ಸಿಗೆ ತರುವುದೇ ವ್ಯಾವಹಾರಿಕ ಮಾರ್ಗ. ಸಾಂಸ್ಥಿಕ ಬಳಕೆಗೆ ನೆರೆಯ ಕೇರಳದ ನಿದರ್ಶನ ಗಮನಾರ್ಹ. ಅಲ್ಲಿಯ ಸಾರ್ವಜನಿಕ ಶಾಲೆಗಳ ಗಣಕಗಳಿಗೆ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವಿನ ಆಧಾರದ ಮೇಲೆ ತನ್ನದೇ ಆವೃತ್ತಿಯನ್ನು ಸಿದ್ಧಪಡಿಸಿಕೊಟ್ಟು, ಅಧ್ಯಾಪಕರಿಗೆ ತರಬೇತಿಯನ್ನೂ ಒದಗಿಸುತ್ತದೆ. ಅಲ್ಲಿ ವಿತರಣೆಯ ಜೊತೆಗೆ ಹೊಣೆಗಾರರೂ ಇದ್ದಾರೆ. ಅದರ ಬಲವೆಲ್ಲ ಅಲ್ಲಿಯೇ ಇದೆ.

೮

ಒಟ್ಟಿನಲ್ಲಿ ಹೇಳುವುದಾದರೆ, ಎಲ್ಲರಿಗೂ ಒಪ್ಪುವ ಶ್ರೇಷ್ಠ ವಿತರಣೆ ಎಂಬುದಿಲ್ಲ. ಆಯಾ ಕೆಲಸದ ಅವಧಿಗೂ ಪಾಲನೆಯ ಅವಧಿಗೂ ಇರುವ ಹೊಂದಿಕೆಯೇ ಶ್ರೇಷ್ಠತೆಯ ಒರೆಗಲ್ಲು. ಯಾವುದನ್ನೇ ಆರಿಸಿದರೂ ಮೂರು ಸಂಗತಿಗಳನ್ನು ವಿಭಾಗದ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಕ್ಷೇಮ: ಪಾಲನೆ ಮುಗಿಯುವ ದಿನಾಂಕ, ಸ್ಥಾಪಿಸಿದ ಪ್ಯಾಕೇಜುಗಳ ಪಟ್ಟಿ, ದತ್ತಾಂಶದ ಪ್ರತಿಯನ್ನು ಬೇರೆಡೆ ಇರಿಸಿರುವ ಸ್ಥಳ. ಸೆಂಟೋಸ್ ನಿಂತಾಗ ಈ ಎಚ್ಚರವಿದ್ದವರಿಗೆ ಉಳಿದುದು ವರ್ಗಾವಣೆಯ ಶ್ರಮ ಮಾತ್ರ. ಮೂಲಸಂಕೇತ ಮುಕ್ತವಾಗಿರುವುದರಿಂದ ಒಬ್ಬ ಪಾಲಕರು ಬಿಟ್ಟುದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಅವಕಾಶ ಈ ಲೋಕದಲ್ಲಿ ಸದಾ ಉಂಟು. ಆದರೆ ಆ ಅವಕಾಶವು ಫಲಿಸಬೇಕಾದರೆ ಪ್ರತಿ ಕಾಲೇಜಿನಲ್ಲಿಯೂ ತನ್ನ ಯಂತ್ರಗಳಲ್ಲಿ ಏನಿದೆ, ಅದು ಎಂದಿನವರೆಗೆ ಎಂಬುದನ್ನು ಬಲ್ಲವರು ಒಬ್ಬರಾದರೂ ಇರಬೇಕು. ಅಂಥವರನ್ನು ಸಿದ್ಧಪಡಿಸುವುದು ವಿತರಣೆಯ ಆಯ್ಕೆಗಿಂತಲೂ ಮೊದಲು ನಡೆಯಬೇಕಾದ ಕೆಲಸ.